ಎರೆ ಮಣ್ಣಿನ ಬಟ್ಟಲು ಯಾಕೆ ಸೀಳುತ್ತೆ? ತಿಗರಿ (ಕುಂಬಾರರ ಚಕ್ರ) ತಗೊಳ್ಳಲಾ?

ನವಲಗುಂದದ ಮಗಳು:
ಧಾರವಾಡದಲ್ಲಿದ್ದೀನಿ, ಕುಂಬಾರಿಕೆಯ ಹುಚ್ಚು ಹತ್ತಿದೆ. ಮಣ್ಣೆತ್ತಿನ ಅಮಾವಾಸ್ಯೆಗೆ ತವರಿನ ಹೊಲದ ಕಪ್ಪು ಎರೆ ಮಣ್ಣಲ್ಲಿ ಎತ್ತು ಮಾಡಿದ್ದೆವು, ಚಂದ ಬಂದವು. ಉಳಿದ ಮಣ್ಣಲ್ಲಿ ಕೈಯಿಂದಲೇ ಬಟ್ಟಲು, ಪಣತಿ ಮಾಡಿದೆ. ಬಟ್ಟಲು ಒಣಗುವಾಗಲೇ ಅಂಚಿನಿಂದ ಸೀಳಿದವು. ಪಣತಿಗಳನ್ನು ಪರಿಚಯದವರ ಆವಿಗೆಯಲ್ಲಿ (ಮಡಕೆ ಸುಡುವ ಗೂಡು) ಸುಡಿಸಿದೆ. ಕೆಂಪಗೆ ಬಂದವು, ಆದರೆ ಕೆಲವೇ ದಿನಕ್ಕೆ ಚಕ್ಕೆ ಸಿಡಿದು ಒಳಗೆ ಬಿಳಿ ಚುಕ್ಕೆ ಕಾಣ್ತಿವೆ. ಕರೆಂಟಿನ ತಿಗರಿ ತಗೊಂಡರೆ ಸರಿಹೋಗುತ್ತಾ? ಮುಂದಿನ ಸಲ ಮನೆಯ ಓವನ್‌ನಲ್ಲೇ ಸುಡಬಹುದಾ?

ಗಡಿಗೆ ಮನೆ, ಹಾವೇರಿ:
ನೋಡ್ರಿ ತಂಗಿ, ತಿಗರಿ ಈಗಲೇ ಬೇಡ. ನಿಮ್ಮ ಕೈ ಸರಿಯಾಗೇ ಇದೆ. ಮಣ್ಣು ಆ ಕೆಲಸದ್ದಲ್ಲ.

ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಸಿಕ್ಕಾಪಟ್ಟೆ ಕುಗ್ಗುತ್ತೆ. ಬೇಸಿಗೆಯಲ್ಲಿ ನಿಮ್ಮ ಹೊಲ ಬಾಯಿ ಬಿಡುತ್ತಲ್ಲ, ಬಟ್ಟಲಿಗೂ ಅದೇ ಆಗಿದ್ದು. ಎತ್ತು ಗಟ್ಟಿ ಮುದ್ದೆ, ಸುಡೋದೂ ಇಲ್ಲ, ಪೂಜೆ ಮುಗಿದರೆ ನೀರಿಗೆ. ಅದಕ್ಕೆ ಎರೆ ಮಣ್ಣು ನಡೆಯುತ್ತೆ.

ಬಿಳಿ ಚುಕ್ಕೆ ಸುಣ್ಣದ ಹರಳು. ಎರೆ ಹೊಲದಲ್ಲಿ ಅವು ಜಾಸ್ತಿ. ಬೆಂಕಿಗೆ ಹರಳು ಸುಟ್ಟ ಸುಣ್ಣವಾಗುತ್ತೆ, ಆಮೇಲೆ ಗಾಳಿಯ ತೇವ ಎಳೆದುಕೊಂಡು ಅರಳುತ್ತೆ, ಮೇಲಿನ ಚಕ್ಕೆ ಎಬ್ಬಿಸುತ್ತೆ. ಸಂಶಯ ಇದ್ದರೆ ಹೊಲದ ಒಂದು ಹರಳು ಜಜ್ಜಿ ಲಿಂಬೆಹುಳಿ ಹಿಂಡಿ, ನೊರೆ ಬರುತ್ತೆ.

ನಮ್ಮ ಮನೆಯಲ್ಲಿ ಒಂದೇ ಮಣ್ಣು ಎಂದೂ ಹಾಕುತ್ತಿರಲಿಲ್ಲ. ಕೆರೆಯ ಜಿಗುಟು ಮಣ್ಣಿಗೆ ಕೆಂಪು ಮಣ್ಣು, ಸಣ್ಣ ಮರಳು ಬೆರೆಸೋದು. ಮಣ್ಣು ಒಣಗಿಸಿ, ಕುಟ್ಟಿ, ನೆನೆಹಾಕಿ, ತೆಳ್ಳಗೆ ಕದಡಿ ಹಳೆ ಸೀರೆಯಲ್ಲಿ ಸೋಸಿ. ಹರಳೆಲ್ಲ ಅಲ್ಲೇ ನಿಲ್ಲುತ್ತೆ. ಗಟ್ಟಿಯಾದ ಮೇಲೆ ತುಳಿದು ನಾದಬೇಕು. ಮುದ್ದೆಯನ್ನು ತಂತಿಯಿಂದ ಕೊಯ್ದು ನೋಡಿ, ಒಳಗೆ ಗಾಳಿಯ ತೂತು ಕಂಡರೆ ಮತ್ತೆ ನಾದಿ. ಒಂದು ಎಳೆ ಹೊಸೆದು ಬೆರಳಿಗೆ ಸುತ್ತಿ. ಮುರಿದರೆ ಜಿಗುಟು ಸಾಲದು. ಇನ್ನೊಂದು ಪಟ್ಟಿ ತಟ್ಟಿ ಅದರ ಮೇಲೆ 10 ಸೆಂಟಿಮೀಟರ್ ಗೆರೆ ಎಳೆದಿಡಿ. ಒಣಗಿದ ಮೇಲೆ 9ಕ್ಕಿಂತ ಕಡಿಮೆ ಬಂದರೆ ಇನ್ನೂ ಮರಳು ಬೇಕು.

ಒಣಗಿಸೋದು ನೆರಳಲ್ಲಿ. ಅಂಚು ತೆಳು, ಬೇಗ ಒಣಗಿ ಎಳೆಯುತ್ತೆ. ತಳ ಹಸಿ ಇರುತ್ತೆ. ಮೊದಲು ಅಂಚಿಗೆ ಒದ್ದೆ ಬಟ್ಟೆ ಸುತ್ತಿ, ಸ್ವಲ್ಪ ಬಿಗಿಯಾದ ಮೇಲೆ ಬೋರಲು ಹಾಕಿ. ಉಗುರು ಒತ್ತಿದರೆ ಗುರುತು ಬೀಳಬೇಕು, ಬಟ್ಟಲು ಬಾಗಬಾರದು. ಹಿಡಿ ಅಂಟಿಸೋದು ಈ ಹದದಲ್ಲೇ. ಎರಡೂ ಕಡೆ ಗೀರು ಹಾಕಿ, ಅದೇ ಮಣ್ಣಿನ ರಾಡಿ ಸವರಿ ಒತ್ತಬೇಕು. ಸುಮ್ನೆ ನೀರು ಹಚ್ಚಿ ಅಂಟಿಸಿದರೆ ಒಣಗಿದಾಗ ಕಳಚುತ್ತೆ.

ನೀರು ತುಂಬಿಡೋ ದೊಡ್ಡ ಹರವಿ ಪೂರ್ತಿ ತಿಗರಿ ಮೇಲೇ ಆಗುತ್ತೆ ಅಂತ ಜನ ಅಂದ್ಕೊಂಡಿದ್ದಾರೆ. ನಮ್ಮಲ್ಲಿ ಬಾಯಿ, ಕೊರಳು, ಹೆಗಲು ಅಷ್ಟೇ ತಿಗರಿಯದು. ತಳ ತೆರೆದೇ ಇರುತ್ತೆ. ಬಿಗಿಯಾದ ಮೇಲೆ ಅಪ್ಪ ತೊಡೆಯ ಮೇಲಿಟ್ಟು, ಒಳಗೆ ಕಲ್ಲಿನ ಗುಂಡು ಹಿಡಿದು, ಹೊರಗಿಂದ ಮರದ ಹಲಗೆಯಲ್ಲಿ ಬಡಿಯುತ್ತಿದ್ದರು. ಅಂಟಬಾರದು ಅಂತ ನಡುನಡುವೆ ಬೂದಿಯಲ್ಲಿ ಕೈ ಅದ್ದೋದು. ಬಡಿದ ಹಾಗೆ ಗೋಡೆ ತೆಳುವಾಗಿ, ತಳ ಕೂಡಿಕೊಂಡು ಬರುತ್ತೆ. ಎಲ್ಲಿ ದಪ್ಪ ಉಳಿದಿದೆ ಅಂತ ಸದ್ದಿನಲ್ಲೇ ಹೇಳೋರು.

ಓವನ್ ಆಗಲ್ಲ ತಂಗಿ. ಅಡುಗೆಯ ಓವನ್ 250 ಡಿಗ್ರಿ ಆಸುಪಾಸು. ಮಣ್ಣು ಮತ್ತೆ ನೀರಲ್ಲಿ ಕರಗದ ಹಾಗೆ ಆಗಬೇಕಾದರೆ 600 ದಾಟಬೇಕು, ಗಟ್ಟಿ ಪಾತ್ರೆಗೆ ಇನ್ನೂ ಮೇಲೆ. ಹಸಿ ಉಳಿದಿದ್ದನ್ನು ಮಾತ್ರ ಆವಿಗೆಗೆ ಇಡಬೇಡಿ. ಒಳಗಿನ ನೀರು ಹಬೆಯಾಗಿ ಒಡೆಯುತ್ತೆ, ಪಕ್ಕದವನ್ನೂ ಕೆಡಿಸುತ್ತೆ.

ಉಣಕಲ್ ಹುಡುಗ:
ಅಕ್ಕಾ, ಕೆಲಸ ಮಾಡೋರಿಗೆ ಮಣ್ಣು ಸೋಸುತ್ತಾ ಕೂರೋಕೆ ಟೈಮ್ ಎಲ್ಲಿದೆ? ತಯಾರು ಟೆರಾಕೋಟಾ ಮಣ್ಣು ತರಿಸಿ ಶುರು ಮಾಡಿ. ಪೂರ್ತಿ ಕಲಿಯೋದಿದ್ದರೆ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇದೆ, ತರಬೇತಿ ಯಾವಾಗ ಅಂತ ವಿಚಾರಿಸಿ. ಗ್ಲೇಜ್ (ಸುಟ್ಟಾಗ ಗಾಜಿನ ಹಾಗೆ ಆಗೋ ಲೇಪ) ಬಗ್ಗೆಯೂ ಕಲೀರಿ, ನೀರು ಸೋರಲ್ಲ.

ಗಡಿಗೆ ಮನೆ, ಹಾವೇರಿ:
ತಮ್ಮಾ, ತಯಾರು ಮಣ್ಣು ತಪ್ಪಲ್ಲ, ಕೈ ಪಳಗಿಸೋಕೆ ಒಳ್ಳೇದೇ. ಆದರೆ ನೀರಿನ ಹರವಿಗೆ ಗ್ಲೇಜ್ ಹಚ್ಚಬೇಡಿ. ಸಣ್ಣ ರಂಧ್ರದಲ್ಲಿ ನೀರು ಜಿನುಗಿ, ಹೊರಗೆ ಆರುತ್ತಾ ಇರೋದಕ್ಕೇ ಒಳಗೆ ತಂಪು. ಅದನ್ನೇ ಮುಚ್ಚಿದರೆ ಸ್ಟೀಲ್ ಕೊಡಕ್ಕೂ ಅದಕ್ಕೂ ಏನು ವ್ಯತ್ಯಾಸ?

ನವಲಗುಂದದ ಮಗಳು:
ಎಲ್ಲರಿಗೂ ಥ್ಯಾಂಕ್ಸ್. ಮರಳಿನ ಬದಲು ಈ ಸಿಡಿದ ಪಣತಿಗಳನ್ನೇ ಕುಟ್ಟಿ ಹಾಕಬಹುದಾ ಅಕ್ಕಾ?

ಗಡಿಗೆ ಮನೆ, ಹಾವೇರಿ:
ಸುಟ್ಟ ಮಣ್ಣಿನ ಪುಡಿ ಮರಳಿಗಿಂತ ಒಳ್ಳೇದು, ಅದು ಮತ್ತೆ ಕುಗ್ಗಲ್ಲ. ಆದರೆ ಈ ಪಣತಿ ಬೇಡ, ಸುಣ್ಣ ಇದೆ. ಸಂತೆಯಲ್ಲಿ ಒಡೆದ ಗಡಿಗೆ ಕೇಳಿ, ಸುಮ್ನೆ ಕೊಡ್ತಾರೆ. ಕುಟ್ಟಿ ರವೆ ಜರಡಿ ಹಿಡಿದು, ಹತ್ತು ಬಟ್ಟಲು ಮಣ್ಣಿಗೆ ಒಂದೆರಡು ಬಟ್ಟಲು ಹಾಕಿ ನೋಡಿ. ಕುಟ್ಟುವಾಗ ಮೂಗಿಗೆ ಬಟ್ಟೆ ಕಟ್ಕೊಳ್ಳಿ.