ಮಿಶ್ರತಳಿ ದಾಸವಾಳದ ಬೀಜ ಬಿತ್ತಿದವರು ಅನುಭವ ತಿಳಿಸಿ

ಪ್ರಶ್ನೆ, ಶಿವಮೊಗ್ಗ: ನಡುವೆ ಕೆಂಪು ಕಣ್ಣಿರುವ ಬಿಳಿ ದಾಸವಾಳಕ್ಕೆ ಹಳದಿ ಡಬಲ್ (ಹಲವು ಸುತ್ತು ಎಸಳಿನ) ಹೂವಿನ ಪರಾಗ ಹಚ್ಚಿದ್ದೆ, ಕಾಯಿ ಬಲಿತಿದೆ. ಸಸಿಗಳಿಗೆ ಡಬಲ್ ಗುಣವೂ ಆ ಕಣ್ಣೂ ಇಳಿಯುತ್ತವೆಯೇ? ತಾರಸಿಯಲ್ಲಿ ಜಾಗ ಕಡಿಮೆಯಿದೆ.

ಉತ್ತರ, ಮೈಸೂರು: ನಾನು ವರ್ಷಗಳಿಂದ ಇದೇ ಕೆಲಸದಲ್ಲಿದ್ದೇನೆ. ಕುಂಡಕ್ಕೆ 160 ರೂಪಾಯಿ, ಮಣ್ಣು, ಗೊಬ್ಬರ, ಕೋಕೊಪೀಟ್ ಸೇರಿ 85, ಹಿಟ್ಟು ತಿಗಣೆಗೆ ಬೇವಿನೆಣ್ಣೆಯ ಖರ್ಚು ಬೇರೆ. ಮೊದಲ ಮೊಗ್ಗು ಬಿಡುವ ಹೊತ್ತಿಗೆ ಒಂದೊಂದು ಸಸಿಯೂ 300 ರೂಪಾಯಿ ನುಂಗಿರುತ್ತದೆ. ಬಹುತೇಕ ಸಸಿಗಳು ಮಂಕು ಬಣ್ಣದ ಐದೆಸಳಿನ ಹೂ ಬಿಟ್ಟವು. ಆದರೆ ಒಂದು ಗಿಡ ಕಿತ್ತಳೆಯ ಅಂಚು, ನೇರಳೆಯ ಕಣ್ಣು ಹೊತ್ತು ಬಂದಿತು. ಅದರ ಸ್ವಂತ ಬೇರು ಮಳೆಗಾಲದಲ್ಲಿ ಕೊಳೆಯುತ್ತಿದ್ದುದರಿಂದ ನಾಟಿ ಕೆಂಪು ದಾಸವಾಳದ ಮೇಲೆ ಕಸಿ ಕಟ್ಟಿ ಉಳಿಸಿಕೊಂಡೆ. ದಾಸವಾಳದಲ್ಲಿ ಯಾವ ಲೆಕ್ಕಾಚಾರವೂ ನಡೆಯುವುದಿಲ್ಲ, ಬಿತ್ತಿಯೇ ನೋಡಬೇಕು.

ಉತ್ತರ, ಚಿಕ್ಕಬಳ್ಳಾಪುರ: ಲೆಕ್ಕವಿಲ್ಲವೆಂದು ಹೇಳಿ ಜನರನ್ನು ಹಾಳು ಮಾಡಬೇಡಿ. ಎಫ್1 (ಎರಡು ತಳಿ ಬೆರೆಸಿದ ಮೊದಲ ತಲೆಮಾರಿನ) ಪೆಟೂನಿಯಾ ಹೂಗಿಡದ ಬೀಜವನ್ನೇ ಉಳಿಸಿ ಬಿತ್ತಿದರೂ ಅದೇ ಹೂ ಬರುತ್ತದೆಂದು ಬೀಜದಂಗಡಿಯವರು ಹೇಳಿದ್ದನ್ನು ನಂಬಿ ನಾನು ಟ್ರೇ, ನೆರಳು ಪರದೆ, ಕೂಲಿ ಎಂದು 18,000 ರೂಪಾಯಿ ಸುರಿದೆ. ಎರಡನೆಯ ತಲೆಮಾರಿನಲ್ಲಿ ಗುಣಗಳು ಚದುರಿ, ಎತ್ತರವೂ ಬಣ್ಣವೂ ಹೊಂದದೆ, ಉದ್ಯಾನದ ಗುತ್ತಿಗೆದಾರರು ಅಷ್ಟನ್ನೂ ತಿರಸ್ಕರಿಸಿದರು. ಪೆಟೂನಿಯಾದಲ್ಲಿ ಡಬಲ್ ಗುಣವೇ ಪ್ರಬಲವಾದುದು, ತಂದೆತಾಯಿಗಳಲ್ಲಿ ಒಬ್ಬರಿಂದ ಬಂದರೂ ಕಾಣಿಸಿಕೊಳ್ಳುತ್ತದೆ. ಡಬಲ್ ಹೂವಿನ ಹೆಣ್ಣು ಭಾಗ ಸಾಮಾನ್ಯವಾಗಿ ವಿಕಾರವಾಗಿರುವುದರಿಂದ ಅದನ್ನು ತಂದೆಯಾಗಿ ಬಳಸುತ್ತಾರೆ, ಶುದ್ಧ ಡಬಲ್ ತಂದೆಯ ಮಕ್ಕಳೆಲ್ಲವೂ ಡಬಲ್ ಆಗುತ್ತವೆ. ಇದು ಲೆಕ್ಕವಲ್ಲವೇ?

ಉತ್ತರ, ಮೈಸೂರು: ಪೆಟೂನಿಯಾದಲ್ಲಿ ಗುಣಗಳನ್ನು ಹೊತ್ತ ವರ್ಣತಂತುಗಳ ಸೆಟ್ ಎರಡೇ, ದಾಸವಾಳದಲ್ಲಿ ಹಲವು ಸೆಟ್. ಅದರ ತಂದೆತಾಯಿಗಳೂ ಮಿಶ್ರತಳಿಗಳೇ. ನಿಮ್ಮ ನಷ್ಟದ ಸಿಟ್ಟನ್ನು ನನ್ನ ಗಿಡದ ಮೇಲೆ ತೀರಿಸಿಕೊಳ್ಳಬೇಡಿ.

ಉತ್ತರ, ಸಾಗರ: ಇಬ್ಬರೂ ತಾಯಿಗಿಡವನ್ನು ಮರೆತಿದ್ದೀರಿ. ಸಂಜೆಮಲ್ಲಿಗೆಯಲ್ಲಿ ಎಲೆಯ ಬಿಳಿ ಮಚ್ಚೆ ತಾಯಿಯ ಕೊಂಬೆಯಿಂದಲೇ ಬರುತ್ತದೆಂದು ಜರ್ಮನಿಯ ಸಸ್ಯವಿಜ್ಞಾನಿ ಕಾರ್ಲ್ ಕೊರೆನ್ಸ್ 1909ರಲ್ಲಿಯೇ ತೋರಿಸಿದರು: ಹಸಿರು ಕೊಂಬೆಯ ಬೀಜದಿಂದ ಹಸಿರು ಸಸಿ, ಬಿಳಿ ಕೊಂಬೆಯ ಬೀಜದಿಂದ ಬದುಕದ ಬಿಳಿ ಸಸಿ, ಪರಾಗ ಯಾವುದೇ ಇರಲಿ. ಮಚ್ಚೆಯ ಗಿಡಕ್ಕಾಗಿ ನಾನು ಉತ್ತಮ ತಂದೆಗಿಡಗಳಿಗೆ ಕೊಟ್ಟ 1,400 ರೂಪಾಯಿ ವ್ಯರ್ಥವಾಯಿತು.

ಉತ್ತರ, ಚಿಕ್ಕಬಳ್ಳಾಪುರ: ಅದು ತಾಯಿಯಿಂದಲೇ ಬರುವ, ಎಲೆಗೆ ಹಸಿರು ಕೊಡುವ ಹರಿತ್ತಿನ ಕಣಗಳ ಮಾತು. ಅದೇ ಸಂಜೆಮಲ್ಲಿಗೆಯ ಹೂವಿನಲ್ಲಿ ಕೆಂಪು, ಬಿಳಿಯ ಮಗು ಗುಲಾಬಿ; ಮೊಮ್ಮಕ್ಕಳಲ್ಲಿ ಕೆಂಪು, ಗುಲಾಬಿ, ಬಿಳಿ 1:2:1ರಂತೆ ಬರುತ್ತವೆ, ತಾಯಿ ಯಾರೆಂಬುದು ಲೆಕ್ಕಕ್ಕಿಲ್ಲ. ಪ್ರಶ್ನೆ ಕೇಳಿದ್ದು ಹೂವಿನ ಬಗ್ಗೆ, ಎಲೆಯ ಬಗ್ಗೆ ಅಲ್ಲ.

ಉತ್ತರ, ಸಾಗರ: ಹಾಗಿದ್ದರೆ ನೀವು ಪೆಟೂನಿಯಾದ ಕಥೆ ಹೇಳಿದ್ದೇಕೆ?

ಉತ್ತರ, ಮೈಸೂರು: ಶಿವಮೊಗ್ಗದವರೇ, ಎಲ್ಲ ಬೀಜವನ್ನೂ ಬಿತ್ತಿ, ಪ್ರತಿ ಕುಂಡಕ್ಕೂ ತಂದೆತಾಯಿಯ ಹೆಸರಿನ ಚೀಟಿ ಕಟ್ಟಿರಿ. ಮೆಚ್ಚಿದ ಗಿಡ ಬಂದರೆ ಮುಂದೆ ಅದರ ಬೀಜವನ್ನು ನಂಬದೆ ಕಡ್ಡಿಯಿಂದಲೋ ಕಸಿಯಿಂದಲೋ ಮುಂದುವರಿಸಿ.