ಸಹಾಯ ಬೇಕು: 1 ಗಿಗಾಬಿಟ್ ಈಥರ್ನೆಟ್‌ನಲ್ಲಿ ಎಲ್‌ಟಿಇ (4ಜಿ) ಸಿಗ್ನಲ್ ಸಾಗಿಸುವುದು

ಎಲ್ಲರಿಗೂ ನಮಸ್ಕಾರ. ಎಂ.ಟೆಕ್ ಪ್ರಾಜೆಕ್ಟಿಗೆ ರೇಡಿಯೊ ಯೂನಿಟ್ಟಿನಿಂದ ಬೇಸ್‌ಬ್ಯಾಂಡಿಗೆ (ಸಿಗ್ನಲ್ ಸಂಸ್ಕರಿಸುವ ಘಟಕ) 20 ಮೆಗಾಹರ್ಟ್ಸ್ ಎಲ್‌ಟಿಇ ಸ್ಯಾಂಪಲ್‌ಗಳನ್ನು ಸಾಧಾರಣ ಈಥರ್ನೆಟ್ ಸ್ವಿಚ್ ಮೂಲಕ ಕಳಿಸಬೇಕಾಗಿದೆ. ಫೈಬರ್ ಕೊಡಿಸಿ ಅಂದರೆ ಗೈಡ್ ನಕ್ಕು ಸುಮ್ಮನಾಗುತ್ತಾರೆ!

ಎರಡು ಆಂಟೆನಾ, ಸೆಕೆಂಡಿಗೆ 30.72 ಮಿಲಿಯನ್ ಸ್ಯಾಂಪಲ್, ಐ ಮತ್ತು ಕ್ಯೂ (ಪ್ರತಿ ಸ್ಯಾಂಪಲ್ಲಿನ ಎರಡು ಭಾಗ) ತಲಾ 15 ಬಿಟ್. ಹಾಗೇ ಕಳಿಸಿದರೆ ಸುಮಾರು 1.84 ಗಿಗಾಬಿಟ್, ಲಿಂಕ್‌ನಲ್ಲಿ ಹಿಡಿಸುವುದಿಲ್ಲ. ಅದಕ್ಕೇ ಸ್ಯಾಂಪಲ್ ದರವನ್ನು 23.04ಕ್ಕೆ ಇಳಿಸಿ (ಸಿಗ್ನಲ್ ತುಂಬಿರುವುದು 18 ಮೆಗಾಹರ್ಟ್ಸ್ ಮಾತ್ರ ತಾನೆ), ಬ್ಲಾಕ್ ಫ್ಲೋಟಿಂಗ್ ಪಾಯಿಂಟ್‌ನಿಂದ (ಸ್ಯಾಂಪಲ್‌ಗಳ ಗುಂಪಿಗೆ ಒಂದೇ ಘಾತ ಇಟ್ಟು ಕುಗ್ಗಿಸುವುದು) ತಲಾ 9 ಬಿಟ್ಟಿಗೆ ತಂದೆ. ಈಗ ಹೆಡರ್ ಬಿಟ್ಟು ಸುಮಾರು 830 ಮೆಗಾಬಿಟ್.

ತೊಂದರೆ ಎರಡು. ಬ್ಯಾಂಡಿನ ಅಂಚಿನ ಸಬ್‌ಕ್ಯಾರಿಯರ್‌ಗಳಲ್ಲಿ (ಸಿಗ್ನಲ್ಲಿನ ಕಿರು ತರಂಗಗಳು) ಇವಿಎಂ, ಅಂದರೆ ಸಿಗ್ನಲ್ಲಿನ ದೋಷದ ಅಳತೆ, ಏರುತ್ತಿದೆ; 256 ಕ್ವಾಮ್ ಮಾಡ್ಯುಲೇಶನ್ನಿನ 3.5% ಮಿತಿ ದಾಟುತ್ತಿದೆ. ನಡುವೆ ಎಲ್ಲ ಚೆನ್ನಾಗಿದೆ, ಹಾಗಾಗಿ ನನ್ನ ಅನುಮಾನ ಸ್ಯಾಂಪಲ್ ದರ ಇಳಿಸುವ ಫಿಲ್ಟರ್ ಮೇಲೆ. 48 ಟ್ಯಾಪ್ (ಫಿಲ್ಟರಿನ ಗುಣಾಂಕಗಳು) ಸಾಲದೇ? ಹೆಚ್ಚಿಸಿದರೆ ವಿಳಂಬವೂ ಏರುತ್ತದಲ್ಲ, ತಪ್ಪಾಗಿ ಬಂದ ಡೇಟಾದ ಮರುಪ್ರಸಾರ ಕೇಳಲು ಇರುವ 3 ಮಿಲಿಸೆಕೆಂಡಿನ ಲೆಕ್ಕದಲ್ಲಿ ಎಷ್ಟು ಬಿಟ್ಟುಕೊಡಬಹುದು?

ಇನ್ನೊಂದು ಜಿಟ್ಟರ್, ಅಂದರೆ ವಿಳಂಬದ ಏರುಪೇರು. ಬೇರೆ ಯಾರದೋ 1500 ಬೈಟ್ ಫ್ರೇಮ್ (ಈಥರ್ನೆಟ್ ಡೇಟಾ ಕಟ್ಟು) ಮುಂದೆ ನಿಂತರೆ ನಮ್ಮದು 12 ಮೈಕ್ರೊಸೆಕೆಂಡ್ ಕಾಯಬೇಕು. ಆದ್ಯತೆ ಕೊಟ್ಟರೂ ಹೊರಟ ಫ್ರೇಮ್ ನಿಲ್ಲುವುದಿಲ್ಲ. ಬಫರ್ ಇಟ್ಟು ಸುಧಾರಿಸಲೇ, ಅಥವಾ ಫ್ರೇಮ್ ತಡೆಯಬಲ್ಲ ಸ್ವಿಚ್ಚೇ ಬೇಕೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ. ಮುಂದಿನ ವಾರ ರಿವ್ಯೂ ಇದೆ.