ಜರ್ಮನಿಯಿಂದ ಬರೋ ಹಣಕ್ಕೆ ಜಿಎಸ್‌ಟಿ ಕಟ್ಟಬೇಕಾ?

ತುಂಗಾತೀರ: ಶಿವಮೊಗ್ಗದ ಮನೆಯಿಂದಲೇ ಮ್ಯೂನಿಕ್‌ನ ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಕೆಲಸ ಮಾಡ್ತೀನಿ. ಸಂಬಳ ಅಲ್ಲ, ತಿಂಗಳಿಗೊಂದು ಇನ್‌ವಾಯ್ಸ್. ಈ ವರ್ಷ 24 ಲಕ್ಷ ದಾಟುತ್ತೆ. ಪರಿಚಯದ ಆಡಿಟರ್ 18% ಜಿಎಸ್‌ಟಿ ಕಟ್ಟಿ ಅಂತಾರೆ. ಅಷ್ಟು ಎಲ್ಲಿಂದ ತರಲಿ? ಗೊತ್ತಿರೋರು ದಯವಿಟ್ಟು ಹೇಳಿ.

ಲೆಕ್ಕದಮನೆ: ಗಾಬರಿ ಬೇಡ ಸರ್. 20 ಲಕ್ಷ ದಾಟಿದ್ರೆ ನೋಂದಣಿ ಕಡ್ಡಾಯ, ವಿದೇಶದ ದುಡ್ಡೂ ಆ ಲೆಕ್ಕಕ್ಕೆ ಸೇರುತ್ತೆ. ಆದ್ರೆ ನಿಮ್ಮದು ಸೇವಾ ರಫ್ತು, ದರ ಸೊನ್ನೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಆರ್‌ಎಫ್‌ಡಿ-11 ಫಾರ್ಮ್ ತುಂಬಿ ಎಲ್‌ಯುಟಿ (ತೆರಿಗೆ ಕಟ್ಟದೆ ರಫ್ತು ಮಾಡೋಕೆ ಕೊಡೋ ಮುಚ್ಚಳಿಕೆ ಪತ್ರ) ಹಾಕಿ. ಪ್ರತಿ ಹಣಕಾಸು ವರ್ಷಕ್ಕೂ ಹೊಸದು ಬೇಕು. ಅದಿಲ್ಲದಿದ್ರೆ ಮಾತ್ರ ಮೊದಲು 18% ಕಟ್ಟಿ, ಆಮೇಲೆ ರೀಫಂಡ್ ಕೇಳಬೇಕು.

ಭಾಗೀರಥಿ: ಬ್ಯಾಂಕಿನ ಫಾರೆಕ್ಸ್ ವಿಭಾಗದಲ್ಲಿದ್ದೆ. ಪ್ರತಿ ಜಮೆಗೂ ಎಫ್‌ಐಆರ್‌ಎ, ಅಂದ್ರೆ ವಿದೇಶದಿಂದ ಹಣ ಬಂತು ಅಂತ ಬ್ಯಾಂಕ್ ಕೊಡೋ ಪತ್ರ, ಕೇಳಿ ತಗೊಳ್ಳಪ್ಪ. ಪರ್ಪಸ್ ಕೋಡ್ (ಹಣ ಯಾತಕ್ಕೆ ಬಂತು ಅನ್ನೋ ಸಂಕೇತ) ಸಾಫ್ಟ್‌ವೇರ್ ಸೇವೆಯ ಪಿ0802 ಇದೆಯಾ ನೋಡು. ಕುಟುಂಬ ನಿರ್ವಹಣೆ ಅಂತ ಬಿದ್ದಿದ್ರೆ ರಫ್ತು ಅಂತ ತೋರಿಸೋದು ಕಷ್ಟ.

ಲೆಕ್ಕದಮನೆ: ಹೌದು. ಆದಾಯ ತೆರಿಗೆ ಬೇರೆ ಸರ್, ಅದನ್ನ ಇಲ್ಲೇ ಕಟ್ಟಬೇಕು.